ಪುಟ್ಟಿಗೆ ದೊಡ್ಡಮ್ಮನ ಉತ್ತರ: ಅವಳ ಬಾಯಿ ಬಿಡಿಸಬೇಡಿ

ಪುಟ್ಟಿ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಟೈಪ್ ಮಾಡೋಕೆ ನನ್ನ ಕಣ್ಣು ಕೇಳಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆಯಿತು ಅಂತ ಯಾರೂ ಅರ್ಧಕ್ಕೆ ನಿಲ್ಲಿಸಬೇಡಿ.

ಮನೆಗೆ ನೀರು ನುಗ್ಗಿ ಮೂರು ವಾರ ಆಯಿತು, ಅಮ್ಮ ರಾತ್ರಿ ಮಲಗುತ್ತಿಲ್ಲ, ಮಳೆ ಸದ್ದು ಕೇಳಿದರೆ ಎದ್ದು ಹೋಗಿ ಬಾಗಿಲ ಸಂದಿಗೆ ಬಟ್ಟೆ ತುರುಕುತ್ತಾಳೆ, ಏನು ಅಂದರೆ ಮಾತಾಡಲ್ಲ, ಏನು ಮಾಡಲಿ ಅಂತ ಕೇಳಿದ್ದೀಯ. ಗ್ರೂಪಿನಲ್ಲಿ ಬಂದ ಉತ್ತರಗಳನ್ನೂ ನೋಡಿದೆ. ನನ್ನ ತಮ್ಮ ಹೇಳುತ್ತಾನೆ, ಎಲ್ಲರೂ ಸುತ್ತ ಕೂತು ಆ ರಾತ್ರಿಯದನ್ನೆಲ್ಲ ಅವಳಿಂದ ಹೇಳಿಸೋಣ, ಅತ್ತರೆ ಹಗುರ ಆಗುತ್ತಾಳೆ ಅಂತ. ನಿನ್ನ ಅತ್ತೆ ತನ್ನ ನಿದ್ದೆ ಮಾತ್ರೆಯಲ್ಲಿ ಅರ್ಧ ಕೊಡುತ್ತಾಳಂತೆ.

ಎರಡೂ ಬೇಡ. ಅವಳ ಬಾಯಿ ಬಿಡಿಸಬೇಡಿ. ಅವಳಾಗಿ ಹೇಳಿದರೆ ಕೇಳಿಸಿಕೊಳ್ಳಿ. ಹೇಳದಿದ್ದರೆ ಸುಮ್ನೆ ಪಕ್ಕದಲ್ಲಿ ಕೂತಿರಿ.

ನನ್ನ ಚಿಕ್ಕ ಓರಗಿತ್ತಿ ನಿಮಗೆಲ್ಲ ಗೊತ್ತಲ್ಲ, ಮನೆ ತುಂಬ ನಗಿಸುತ್ತಾ ಓಡಾಡುತ್ತಿದ್ದವಳು. ನಮ್ಮ ಮನೆಗೆ ನೀರು ಬಂದ ವರ್ಷ ಮಂಚದ ಮೇಲೆ ಕುರ್ಚಿ ಇಟ್ಟು, ಅದರ ಮೇಲೆ ನಿಂತು, ಬೆಳಗಾಗುವವರೆಗೆ ಮಗುವನ್ನು ಎತ್ತಿ ಹಿಡಿದಿದ್ದವಳು ಅವಳೇ. ನೀರು ಇಳಿದ ಮೇಲೆ ಬಂದವರಿಗೆಲ್ಲ ಆ ಕಥೆ ಬೇಕು. ನಾನು ಅಡುಗೆಮನೆಯ ಕೆಸರು ಬಾಚುತ್ತಿದ್ದೆ. ಅವಳು ಚೆನ್ನಾಗಿ ಹೇಳುತ್ತಾಳೆ, ಅವಳನ್ನೇ ಕೇಳಿ ಅಂತ ಕಳಿಸಿಬಿಡುತ್ತಿದ್ದೆ. ಹೇಳಿಕೊಂಡರೆ ಒಳ್ಳೆಯದು ಅಂತ ನನ್ನ ಲೆಕ್ಕ. ಮೊದಮೊದಲು ಕೈ ಆಡಿಸಿಕೊಂಡು ಹೇಳುತ್ತಿದ್ದಳು. ದಿನಕ್ಕೆ ಐದು ಸಲ, ಆರು ಸಲ.

ಒಂದು ಮಧ್ಯಾಹ್ನ ಮಗುವಿನ ಫೋಟೋಗಳನ್ನು ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸುತ್ತಿದ್ದಳು. ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಲು ಹೋದರೆ ಒಂದರ ಮುಖ ಇನ್ನೊಂದರ ಬೆನ್ನಿಗೆ ಹತ್ತಿಕೊಂಡು ಬಂತು. ಅಷ್ಟರಲ್ಲಿ ಯಾರೋ ಬಂದರು. ನಾನು ಒಳಗಿಂದಲೇ ಕೂಗಿದೆ, ಮಂಚದ ಕಥೆ ಹೇಳೇ ಅಂತ. ಅವಳು "ನೀರು" ಅಂದಳು. ಅಷ್ಟೇ, ಮುಂದಕ್ಕೆ ಹೋಗಲಿಲ್ಲ. ಕ್ಲಿಪ್ ಕೈಯಲ್ಲೇ ಉಳಿಯಿತು. ಆಮೇಲೆ ತಿಂಗಳುಗಟ್ಟಲೆ ಯಾರಾದರೂ ಬಂದರೆ ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ರಾತ್ರಿಯಿಡೀ ಮಗುವಿನ ಹಾಸಿಗೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳು, ಒದ್ದೆ ಇದೆಯಾ ಅಂತ. ಮಾಡಿದವಳು ನಾನು. ಅವಳು ಇವತ್ತಿಗೂ ನನಗೆ ಒಂದು ಮಾತು ಅಂದಿಲ್ಲ, ಅದು ಬೇರೆ.

ನರ್ಸ್ ಕೆಲಸಕ್ಕೆ ಸೇರಿದ ಮೇಲೆ ನನ್ನ ಮಗಳು ಹೇಳಿದಳು. ಹೀಗೆ ಕೂರಿಸಿ ಒಂದೇ ಸಲಕ್ಕೆ ಎಲ್ಲ ಹೇಳಿಸುವುದರಿಂದ ಮುಂದಿನ ತೊಂದರೆ ತಪ್ಪಲ್ಲ, ಕೆಲವರಿಗೆ ಜಾಸ್ತಿಯೇ ಆಗುತ್ತದಂತೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೇ ಒಂದು ಕೈಪಿಡಿ ತಂದಿದೆ. ಅದರಲ್ಲಿ ಮೂರೇ ಮಾತು: ನೋಡು, ಕೇಳು, ಜೋಡಿಸು. ಏನು ಬೇಕಾಗಿದೆ ನೋಡು, ಹೇಳಿದ್ದನ್ನು ಕೇಳು, ಸಹಾಯ ಸಿಗುವ ಕಡೆಗೆ ಜೋಡಿಸು. ನಮ್ಮ ಭಾಷೆಯಲ್ಲಿ ಕೇಳು ಅನ್ನುವುದಕ್ಕೆ ಎರಡು ಅರ್ಥ ಅಲ್ವಾ? ಇಲ್ಲಿ ಕಿವಿ ಕೊಡುವುದು. ನಾನು ಇನ್ನೊಂದನ್ನು ಮಾಡಿದೆ. ಅದಕ್ಕೇ ಮತ್ತೆ ಹೇಳುತ್ತೇನೆ, ನನ್ನ ತಮ್ಮನೂ ಕೇಳಿಸಿಕೊಳ್ಳಲಿ: ಅವಳ ಬಾಯಿ ಬಿಡಿಸಬೇಡಿ.

ನಿದ್ದೆ ಮಾತ್ರೆಯೂ ಹಾಗೇ. ಡಯಾಜಿಪಾಮ್ ಜಾತಿಯ ಮಾತ್ರೆಗಳನ್ನು ಇಂಥ ಆಘಾತದ ಮೊದಲ ತಿಂಗಳಲ್ಲಿ ಕೊಡಬೇಡಿ ಅಂತ 2013ರಲ್ಲಿ ಅದೇ ಸಂಸ್ಥೆಯವರು ಡಾಕ್ಟರುಗಳಿಗೇ ಹೇಳಿದ್ದಾರೆ. ಇನ್ನು ನಿನ್ನ ಅತ್ತೆ ಯಾವ ಲೆಕ್ಕ. ಮೊದಲ ವಾರಗಳಲ್ಲಿ ಬೆಚ್ಚಿ ಬೀಳುವುದು, ನಿದ್ದೆ ಬಾರದಿರುವುದು ಹುಚ್ಚಲ್ಲ ಪುಟ್ಟಿ. ಜಾಸ್ತಿ ಜನ ನಿಧಾನಕ್ಕೆ ತಾವೇ ಸುಧಾರಿಸಿಕೊಳ್ಳುತ್ತಾರೆ.

ಆದರೆ ಸುಧಾರಿಸಿಕೊಳ್ಳೋಕೆ ಬಿಡಬೇಕಲ್ಲ? ಆ ವರ್ಷ ಕಥೆ ಕೇಳೋಕೆ ಬಂದವರಲ್ಲಿ ಒಬ್ಬರಾದರೂ ಪೊರಕೆ ಹಿಡಿದರಾ? ಈ ಗ್ರೂಪಿನಲ್ಲೇ ಇದ್ದಾರೆ, ಹೆಸರು ಹೇಳಲ್ಲ. ಗೋಡೆ ಮೇಲಿನ ನೀರಿನ ಗೆರೆಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡವರೂ ಇದ್ದಾರೆ. ಮೂರನೇ ತಿಂಗಳು, ಗೋಡೆ ಇನ್ನೂ ಬೆವರುತ್ತಿದ್ದಾಗ, ಒಂದು ಫೋನೂ ಇಲ್ಲ. ಪರಿಹಾರದ ಕಚೇರಿಯಲ್ಲಿ ಒಂದೇ ಕಾಗದವನ್ನು ಮೂರು ಸಲ ಕೊಟ್ಟೆ, ಮೂರು ಸಲವೂ ಸಿಗುತ್ತಿಲ್ಲ ಅಂದರು. ನೀರಿಗಿಂತ ಆ ಕ್ಯೂ ನನ್ನನ್ನು ಸುಸ್ತು ಮಾಡಿತು. ಬೇರೆ ಮನೆ ಕೊಡುವಾಗ ನಮ್ಮನ್ನು ಒಂದು ಮೂಲೆಗೆ, ಪಕ್ಕದ ಮನೆಯವರನ್ನು ಇನ್ನೊಂದು ಮೂಲೆಗೆ ಹಾಕಿದರು. ನೆರೆ ಇಳಿಯಿತು, ನೆರೆಹೊರೆಯೂ ಹೋಯಿತು. ಅಮೆರಿಕದ ಬಫಲೋ ಕ್ರೀಕ್‌ನಲ್ಲಿ 1972ರಲ್ಲಿ ಗಣಿಯ ಕಟ್ಟೆ ಒಡೆದು 125 ಜನ ಸತ್ತರಂತೆ, ಮಗ ಓದಿ ಹೇಳಿದ. ಉಳಿದವರಿಗೆ ತಾತ್ಕಾಲಿಕ ಮನೆ ಕೊಡುವಾಗ ಅಲ್ಲೂ ಯಾರ ಪಕ್ಕ ಯಾರಿದ್ದರು ಅಂತ ನೋಡಲಿಲ್ಲ. ಊರು ಚದುರಿದ್ದೇ ಜನರನ್ನು ವರ್ಷಗಟ್ಟಲೆ ಕಾಡಿತಂತೆ. ನಿನ್ನ ಅಮ್ಮನ ಪಕ್ಕದ ಮನೆಯವಳು ಈಗ ಎಲ್ಲಿದ್ದಾಳೆ? ಅವಳನ್ನು ಕರೆಸು. ಇಬ್ಬರೂ ಕೂತು ಪಾತ್ರೆ ಉಜ್ಜಲಿ, ಮಾತು ಬಂದರೆ ಬರಲಿ.

ಅಯ್ಯೋ, ಮುಖ್ಯವಾದದ್ದೇ ಮರೆತೆ ನೋಡು. ನಿನ್ನ ಅಮ್ಮ ರಾತ್ರಿ ಹೊತ್ತು ತಗೊಳ್ಳುವ ಮಾತ್ರೆ, ಮನಸ್ಸಿನ ಡಾಕ್ಟರ್ ಬರೆದುಕೊಟ್ಟದ್ದು, ಅದರ ಡಬ್ಬಿ ಅಡುಗೆಮನೆಯ ಕೆಳಗಿನ ಗೂಡಿನಲ್ಲಿತ್ತಲ್ವಾ? ಗ್ರೂಪಿನಲ್ಲಿ ಹೇಳಬಾರದಿತ್ತೇನೋ, ಹೇಳಿಯಾಯಿತು, ಎಲ್ಲರಿಗೂ ಗೊತ್ತಿರುವುದೇ. ನೀರು ಅಲ್ಲಿಗೆ ಬಂದಿತ್ತು ಅಂದರೆ ಡಬ್ಬಿ ಹೋಗಿರುತ್ತದೆ. ಖರ್ಚು ಅಂತ ಅವಳು ಬಾಯಿ ಬಿಟ್ಟಿರಲ್ಲ. ಅಂಥ ಮಾತ್ರೆ ತಟ್ಟನೆ ನಿಂತರೂ ನಿದ್ದೆ ಹೋಗುತ್ತದೆ, ಕೈಕಾಲು ಚಡಪಡಿಸುತ್ತದೆ. ಇದೊಂದನ್ನು ಮಾತ್ರ ನೇರವಾಗಿ ಕೇಳು, ಇವತ್ತೇ ಕೇಳು. ಬಿಟ್ಟು ಮೂರು ವಾರ ಆಗಿದ್ದರೆ ಹಳೇ ಲೆಕ್ಕದಲ್ಲೇ ಶುರು ಮಾಡಿಸಬೇಡ. ಕೆಲವನ್ನು ಮತ್ತೆ ಸ್ವಲ್ಪದಿಂದಲೇ ಏರಿಸಬೇಕಾಗುತ್ತದೆ, ಡಾಕ್ಟರ್ ಹೇಳಲಿ. ಬದುಕಿ ಏನು ಪ್ರಯೋಜನ ಅನ್ನುವ ಮಾತೇನಾದರೂ ಬಂದರೆ ಒಂಟಿಯಾಗಿ ಬಿಡಬೇಡ, ಆ ಕ್ಷಣವೇ ಆಸ್ಪತ್ರೆಗೆ ಕರೆದುಕೊಂಡು ಹೋಗು. ಹಳೇ ಚೀಟಿ ನೆನೆದು ಹೋಗಿದ್ದರೂ ಒಣಗಿಸಿ ತಗೊಂಡು ಹೋಗು. ಅದರ ಫೋಟೋ ಒಂದು ನನ್ನ ಫೋನಿನಲ್ಲಿ ಇರಬೇಕು, ಮೊಮ್ಮಗಳು ಬಂದ ಮೇಲೆ ಹುಡುಕಿಸಿ ಕಳಿಸುತ್ತೇನೆ.