ಹಿಂಜ್ ಕಿತ್ತುಹೋದ ಹಳೆಯ ಲ್ಯಾಪ್‌ಟಾಪ್: ರಿಪೇರಿ ಮಾಡಿಸುವುದೋ, ಬೇರೆ ಕೊಳ್ಳುವುದೋ?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕ, ಸಾಗರ (ಜನವರಿ 2026)

ನನ್ನ ಬಳಿ 2017ರಲ್ಲಿ ಕೊಂಡ 15.6 ಇಂಚಿನ ಲ್ಯಾಪ್‌ಟಾಪ್ ಇದೆ. ಇಂಟೆಲ್ ಕೋರ್ ಐ3-6006ಯು ಪ್ರೊಸೆಸರ್, 4 ಜಿಬಿ ಡಿಡಿಆರ್4 ರ್‍ಯಾಮ್, 1 ಟಿಬಿ ಹಾರ್ಡ್ ಡಿಸ್ಕ್ ಮತ್ತು ವಿಂಡೋಸ್ 10 ಇವೆ. ಎಡಬದಿಯ ಹಿಂಜ್ ಕಿತ್ತುಬಂದಿರುವುದರಿಂದ ಮುಚ್ಚಳ ತೆರೆಯುವಾಗಲೆಲ್ಲ ಪರದೆಯ ಸುತ್ತಲಿನ ಕಪ್ಪು ಚೌಕಟ್ಟು ಆ ಮೂಲೆಯಲ್ಲಿ ಬಾಯಿ ಬಿಡುತ್ತದೆ. ಪರದೆಯನ್ನು ಒಂದು ಕೋನದಲ್ಲಿ ನಿಲ್ಲಿಸಿದರೆ ಚಿತ್ರ ಸರಿಯಾಗಿರುತ್ತದೆ, ಸ್ವಲ್ಪ ಅಲುಗಿಸಿದರೆ ಮಿನುಗಿ ಬಿಳಿಯಾಗುತ್ತದೆ. ಚಾರ್ಜರ್ ತೆಗೆದ ಕೂಡಲೇ ಯಂತ್ರ ಆಫ್ ಆಗುತ್ತದೆ. ಇವೆಲ್ಲದರ ಮೇಲೆ ವಿಪರೀತ ನಿಧಾನ. ಟಾಸ್ಕ್ ಮ್ಯಾನೇಜರ್ ತೆರೆದರೆ ಡಿಸ್ಕ್ ಬಳಕೆ ಸದಾ ನೂರು ಪ್ರತಿಶತ.

ಇಲ್ಲಿನ ಅಂಗಡಿಯವರು ಹಿಂಜ್, ಪ್ಯಾನೆಲ್, ಕೇಬಲ್, ಬ್ಯಾಟರಿ, ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗೆ ಬದಲಾಗಿ ಹಾಕುವ ವೇಗದ ಡ್ರೈವ್), ಹೆಚ್ಚುವರಿ ರ್‍ಯಾಮ್ ಎಲ್ಲ ಸೇರಿ 14,000 ರೂಪಾಯಿ ಆಗುತ್ತದೆ ಎಂದಿದ್ದಾರೆ. ಅಷ್ಟು ಹಣವನ್ನು ಇದಕ್ಕೆ ಸುರಿಯುವುದು ದಂಡ, 40,000ಕ್ಕೆ ಹೊಸದೇ ಬರುತ್ತದೆ ಎಂಬುದು ಸಹೋದ್ಯೋಗಿಯೊಬ್ಬರ ಅಭಿಪ್ರಾಯ. ನನ್ನ ಕೆಲಸ ಬಹಳವೇನಿಲ್ಲ: ನುಡಿ ತಂತ್ರಾಂಶದಲ್ಲಿ ಕನ್ನಡ ಪ್ರಶ್ನೆಪತ್ರಿಕೆ ಟೈಪ್ ಮಾಡುವುದು, ಬ್ರೌಸರಿನಲ್ಲಿ ಮಕ್ಕಳ ಅಂಕ ತುಂಬುವುದು, ವಾರಕ್ಕೊಮ್ಮೆ ಶಾಲೆಯ ಪ್ರೊಜೆಕ್ಟರ್‌ಗೆ ಜೋಡಿಸಿ ಪಾಠ ತೋರಿಸುವುದು. ಮಗಳು ದ್ವಿತೀಯ ಪಿಯುಸಿಯಲ್ಲಿದ್ದಾಳೆ. ಮುಂದಿನ ಓದಿಗೆ ಅವಳಿಗೂ ಒಂದು ಬೇಕಾಗಬಹುದು. ಅನುಭವವುಳ್ಳವರು ಸಲಹೆ ನೀಡಬೇಕೆಂದು ಕೋರುತ್ತೇನೆ.

ಉತ್ತರ 1: ಲ್ಯಾಪ್‌ಟಾಪ್ ರಿಪೇರಿ ಮಾಡುವವರು, ದಾವಣಗೆರೆ

ನಮಸ್ಕಾರ ಸರ್. ಮೊದಲು ಆ 14,000ವನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಅದರಲ್ಲಿ ಮುರಿದುದನ್ನು ಸರಿಪಡಿಸುವ ಖರ್ಚೂ ಹಳೆಯದನ್ನು ಚುರುಕುಗೊಳಿಸುವ ಖರ್ಚೂ ಬೆರೆತುಹೋಗಿವೆ. ಒಟ್ಟು ಮೊತ್ತ ನೋಡಿ ತೀರ್ಮಾನಿಸಲು ಹೊರಟರೆ ಯಾವ ಕಡೆಗೂ ತೀರ್ಮಾನವಾಗುವುದಿಲ್ಲ.

ಹಿಂಜ್ ವಿಷಯ ಹೇಳುತ್ತೇನೆ. ಲೋಹದ ಹಿಂಜ್ ತಾನೇ ತುಂಡಾಗುವುದು ಅಪರೂಪ. ಮುಚ್ಚಳದ ಹಿಂಬದಿಯ ಪ್ಲಾಸ್ಟಿಕ್ಕಿನಲ್ಲಿ, ಅಂದರೆ ನಾವು ಎ ಪ್ಯಾನೆಲ್ ಎನ್ನುವ ಭಾಗದಲ್ಲಿ, ಸಣ್ಣ ಹಿತ್ತಾಳೆ ನಟ್ಟುಗಳನ್ನು ಕೂರಿಸಿ ಅವುಗಳಿಗೆ ಹಿಂಜನ್ನು ಸ್ಕ್ರೂ ಮಾಡಿರುತ್ತಾರೆ. ವರ್ಷಗಳು ಕಳೆದಂತೆ ಹಿಂಜಿನ ಗ್ರೀಸ್ ಒಣಗಿ ತಿರುಗುವಿಕೆ ಬಿಗಿಯಾಗುತ್ತದೆ. ಆಮೇಲೆ ಯಾರಾದರೂ ಮುಚ್ಚಳವನ್ನು ಒಂದೇ ಮೂಲೆ ಹಿಡಿದು ಎತ್ತಿದಾಗ ಬಲವೆಲ್ಲ ಆ ಬದಿಯ ನಟ್ಟುಗಳ ಮೇಲೆ ಬಿದ್ದು, ಅವು ಪ್ಲಾಸ್ಟಿಕ್ಕಿನ ಚೂರುಗಳ ಸಮೇತ ಕಿತ್ತುಬರುತ್ತವೆ. ಆದ್ದರಿಂದ ಎ ಪ್ಯಾನೆಲ್ ಬದಲಿಸಿದರಷ್ಟೇ ಸಾಲದು. ಹಿಂಜನ್ನೂ ಬದಲಿಸಬೇಕು, ಇಲ್ಲವೇ ಅದರ ದಂಡದ ತುದಿಯಲ್ಲಿರುವ ನಟ್ಟನ್ನು ತುಸು ಸಡಿಲಗೊಳಿಸಬೇಕು. ಇದನ್ನು ಮಾಡದೆ ಕೊಟ್ಟರೆ ಹೊಸ ಪ್ಯಾನೆಲ್ಲೂ ಅದೇ ಜಾಗದಲ್ಲಿ ಕಿತ್ತುಬರುತ್ತದೆ. ಕಿತ್ತಿರುವುದು ಮೇಲಿನ ಮುಚ್ಚಳದಲ್ಲೋ, ಕೆಳಗೆ ಕೀಬೋರ್ಡ್ ಇರುವ ಸಿ ಪ್ಯಾನೆಲ್ಲಿನಲ್ಲೋ ಎಂದು ಕೇಳಿ. ಕೆಳಗಿನದಾದರೆ ಮದರ್‌ಬೋರ್ಡ್‌ವರೆಗೆ ಎಲ್ಲವನ್ನೂ ಬಿಚ್ಚಬೇಕಾಗುವುದರಿಂದ ಕೂಲಿ ಹೆಚ್ಚಾಗುತ್ತದೆ. ನೀವು ವಿವರಿಸಿದ ಲಕ್ಷಣ ಮೇಲಿನದೇ.

ಎಂ-ಸೀಲ್ ಹಚ್ಚಿ ಕೊಡುತ್ತೇವೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಕೆಲವು ತಿಂಗಳು ನಿಲ್ಲಲೂಬಹುದು, ಆದರೆ ಮುಂದೆ ಬಿಚ್ಚಲು ಬಂದಾಗ ಹಿಂಜು, ಪ್ಯಾನೆಲ್ಲು, ಕೆಲವೊಮ್ಮೆ ಕೇಬಲ್ಲೂ ಒಂದೇ ಮುದ್ದೆಯಾಗಿ ಅಂಟಿಕೊಂಡಿರುತ್ತವೆ. ಫೆವಿಕ್ವಿಕ್ ಸುರಿದು ತಂದವುಗಳ ಕಥೆಯನ್ನು ಇಲ್ಲಿ ಬರೆಯದಿರುವುದೇ ಒಳ್ಳೆಯದು.

ಪರದೆ ಮಿನುಗುವುದಕ್ಕೆ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಶಾಲೆಯ ಪ್ರೊಜೆಕ್ಟರ್‌ಗೆ ಎಚ್‌ಡಿಎಂಐ ಮೂಲಕ ಜೋಡಿಸಿ, ಮುಚ್ಚಳವನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿ. ಲ್ಯಾಪ್‌ಟಾಪಿನ ಪರದೆ ಬಿಳಿಯಾದಾಗಲೂ ಗೋಡೆಯ ಮೇಲಿನ ಚಿತ್ರ ಸ್ಥಿರವಾಗಿದ್ದರೆ ಮದರ್‌ಬೋರ್ಡಿಗೆ ತೊಂದರೆಯಿಲ್ಲವೆಂದು ತಿಳಿಯಬಹುದು. ಹಿಂಜಿನ ಪಕ್ಕದಲ್ಲೇ ಹಾದುಹೋಗುವ ಡಿಸ್‌ಪ್ಲೇ ಕೇಬಲ್ ಸವೆದಿರುತ್ತದೆ, ಇಲ್ಲವೇ ಅದರ ಕನೆಕ್ಟರ್ ಸಡಿಲವಾಗಿರುತ್ತದೆ. ಕೇಬಲ್ಲಿನ ಬೆಲೆ ನೂರುಗಳಲ್ಲಿ, ಪರದೆಯ ಬೆಲೆ ಸಾವಿರಗಳಲ್ಲಿ; ಆದ್ದರಿಂದ ಪರೀಕ್ಷಿಸದೆ ಪರದೆ ಬದಲಿಸಲು ಒಪ್ಪಬೇಡಿ.

ಬ್ಯಾಟರಿಯನ್ನು ಮಾತ್ರ ಇಂದೇ ನೋಡಿ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಅಥವಾ ಮೇಜಿನ ಮೇಲಿಟ್ಟಾಗ ಯಂತ್ರ ಅಲುಗಾಡುತ್ತಿದ್ದರೆ, ಬ್ಯಾಟರಿ ಉಬ್ಬಿರಬಹುದು. ಉಬ್ಬಿದ್ದರೆ ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೂ ಹಾಕಬೇಡಿ, ಅಂಗಡಿಯಲ್ಲಿ ತೆಗೆಸಿಬಿಡಿ. ಬಹಳಷ್ಟು ಮಾದರಿಗಳು ಬ್ಯಾಟರಿಯಿಲ್ಲದೆ ಚಾರ್ಜರಿನಲ್ಲೇ ನಡೆಯುತ್ತವೆ. ಆದರೆ ನಿಮ್ಮ ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋದರೆ ಸೇವ್ ಮಾಡದ ಪ್ರಶ್ನೆಪತ್ರಿಕೆಯೂ ಅದರ ಜೊತೆಗೇ ಹೋಗುತ್ತದೆ.

ಉತ್ತರ 2: ಕಚೇರಿಯೊಂದರ ಐಟಿ ವಿಭಾಗದವರು, ಬೆಂಗಳೂರು

ಮೇಲಿನವರು ಹೇಳಿದ ತಾಂತ್ರಿಕ ವಿವರಗಳನ್ನು ಒಪ್ಪುತ್ತೇನೆ, ಆದರೂ ನನ್ನ ಮತ ಬದಲಿಸುವ ಕಡೆಗಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಪ್ರೊಸೆಸರ್‌ಗಳ ಪೈಕಿ ಬಹುಮಟ್ಟಿಗೆ 8ನೇ ಪೀಳಿಗೆಯಿಂದ ಈಚಿನವು ಮಾತ್ರ ಅದರ ಪಟ್ಟಿಯಲ್ಲಿವೆ. ನಿಮ್ಮದು 6ನೇ ಪೀಳಿಗೆ. ಬಲವಂತವಾಗಿ ಹಾಕುವ ದಾರಿಗಳಿವೆ, ಆದರೆ ಅಂಥ ಯಂತ್ರಗಳಿಗೆ ಅಪ್‌ಡೇಟ್ ಸಿಗುವ ಖಾತರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಮಕ್ಕಳ ವಿವರಗಳನ್ನು ತುಂಬುವ ಯಂತ್ರವನ್ನು ಆ ಸ್ಥಿತಿಯಲ್ಲಿ ಇಡುವುದು ನನಗೆ ಸರಿಕಾಣುವುದಿಲ್ಲ.

ಹಾಗೆಂದು 40,000 ಕೊಟ್ಟು ಹೊಸದನ್ನೇ ತರಬೇಕಿಲ್ಲ. ಕಂಪನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್ ಟಿ480, ಲ್ಯಾಟಿಟ್ಯೂಡ್ 5490, ಎಲೈಟ್‌ಬುಕ್ 840 ಜಿ5 ಮುಂತಾದ 8ನೇ ಪೀಳಿಗೆಯ ಯಂತ್ರಗಳು ಇಲ್ಲಿನ ಎಸ್‌.ಪಿ. ರೋಡಿನ ಅಂಗಡಿಗಳಲ್ಲಿಯೂ ಆನ್‌ಲೈನಿನಲ್ಲಿಯೂ ರಿಫರ್ಬಿಷ್ಡ್ ಎಂಬ ಹೆಸರಿನಲ್ಲಿ, ನಾನು ವಿಚಾರಿಸಿದಂತೆ ಇಪ್ಪತ್ತು ಸಾವಿರದ ಆಚೀಚೆ ದೊರೆಯುತ್ತವೆ. ಇವುಗಳ ಹಿಂಜ್ ಗಟ್ಟಿ, ರ್‍ಯಾಮ್‌ಗೆ ಎರಡು ಸ್ಲಾಟ್‌ಗಳಿವೆ, ಬಿಡಿಭಾಗಗಳೂ ಸುಲಭವಾಗಿ ಸಿಗುತ್ತವೆ. ಕೊಳ್ಳುವಾಗ ಬಯೋಸ್‌ಗೆ (ವಿಂಡೋಸಿಗಿಂತ ಮೊದಲು ಚಾಲೂ ಆಗುವ ಮೂಲ ಸೆಟ್ಟಿಂಗ್‌ಗಳ ತಂತ್ರಾಂಶಕ್ಕೆ) ಪಾಸ್‌ವರ್ಡ್ ಇಲ್ಲವೆಂಬುದನ್ನು ಅಂಗಡಿಯಲ್ಲೇ ತೆರೆದು ನೋಡಿ. ಹಿಂದಿನ ಕಂಪನಿ ಹಾಕಿದ ಬೀಗ ಉಳಿದಿದ್ದರೆ ಮುಂದೆ ತಲೆನೋವು. ವಿಂಡೋಸಿನ ಬ್ಯಾಟರಿ ವರದಿ ತೆಗೆದು ಮೂಲ ಸಾಮರ್ಥ್ಯಕ್ಕೂ ಈಗ ಪೂರ್ತಿ ಚಾರ್ಜ್ ಆದಾಗಿನ ಸಾಮರ್ಥ್ಯಕ್ಕೂ ಎಷ್ಟು ಅಂತರವಿದೆ ಎಂದು ಹೋಲಿಸಿ. ಜಿಎಸ್‌ಟಿ ಬಿಲ್ ಇಲ್ಲದೆ ಕೊಳ್ಳಬೇಡಿ.

ಉತ್ತರ 3: ಡಿಟಿಪಿ ಕೆಲಸ ಮಾಡುವವರು, ಮೈಸೂರು

ವಿಂಡೋಸ್ 10 ಮುಗಿಯಿತೆಂದರೆ ಲಿನಕ್ಸ್ ಹಾಕಿ ಎನ್ನುವವರು ಬಂದೇ ಬರುತ್ತಾರೆ. ಅವರಿಗಿಂತ ಮೊದಲು, ಕನ್ನಡದಲ್ಲಿ ಕೆಲಸ ಮಾಡುವವರಿಗೆ ಅದರ ಅರ್ಥವೇನೆಂದು ಹೇಳಿಬಿಡುತ್ತೇನೆ. ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ ನಿಮ್ಮ 4 ಜಿಬಿಯಲ್ಲಿ ನಡೆಯುತ್ತದೆ, ಅಂಕ ತುಂಬುವ ಬ್ರೌಸರ್ ಕೆಲಸಕ್ಕೆ ಯಾವ ಅಡ್ಡಿಯೂ ಇಲ್ಲ. ಆದರೆ ನುಡಿ ವಿಂಡೋಸಿಗಾಗಿ ಮಾಡಿದ ತಂತ್ರಾಂಶ. ನುಡಿಯ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟ್‌ಗಳನ್ನು ಲಿನಕ್ಸಿನಲ್ಲಿ ಸ್ಥಾಪಿಸಿಕೊಂಡರೆ ಹಳೆಯ ಪ್ರಶ್ನೆಪತ್ರಿಕೆಗಳು ಲಿಬ್ರೆಆಫೀಸಿನಲ್ಲಿ ಓದಲು ಬರುತ್ತವೆ, ಮುದ್ರಿಸಲೂ ಬರುತ್ತವೆ. ತಿದ್ದಬೇಕಾದರೆ ಮಾತ್ರ ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು, ಪರಿವರ್ತನೆಯಾದ ಮೇಲೆ ಒತ್ತಕ್ಷರ, ಅರ್ಕಾವೊತ್ತುಗಳನ್ನು ಕಣ್ಣಾರೆ ನೋಡಿ ಸರಿಪಡಿಸಬೇಕು. ಕೈಗೆ ರೂಢಿಯಾದ ಕೀಲಿಮಣೆ ವಿನ್ಯಾಸ ಕೆಜಿಪಿ ಎಂಬ ಹೆಸರಿನಲ್ಲಿ ಲಿನಕ್ಸಿನ ಟೈಪಿಂಗ್ ಸೌಲಭ್ಯವಾದ ಐಬಸ್‌ನಲ್ಲಿ ಸಿಗುತ್ತದೆ, ಹಾಗಾಗಿ ಟೈಪಿಂಗ್ ಹೊಸದಾಗಿ ಕಲಿಯಬೇಕಿಲ್ಲ. ಪರೀಕ್ಷೆಗಳು ಹತ್ತಿರವಿರುವಾಗ ಈ ಬದಲಾವಣೆಗೆ ಕೈಹಾಕಬೇಡಿ ಎಂಬುದಷ್ಟೇ ನನ್ನ ಸಲಹೆ.

ಉತ್ತರ 4: ಗೃಹಿಣಿ, ಮಂಗಳೂರು

ಸರ್, ಮಗಳ ವಿಷಯವನ್ನು ನೀವು ಕೊನೆಯಲ್ಲಿ ಹೇಳಿದ್ದೀರಿ, ನನಗೆ ಅದೇ ಮುಖ್ಯವೆಂದು ತೋರುತ್ತದೆ. ಅವಳು ಎಂಜಿನಿಯರಿಂಗ್ ಸೇರುತ್ತಾಳೋ, ಬಿಕಾಂ ಸೇರುತ್ತಾಳೋ, ಇನ್ನೇನೋ ಎಂಬುದು ಸಿಇಟಿ ಮುಗಿದು ಸೀಟು ಹಂಚಿಕೆಯಾದ ಮೇಲೆ ತಿಳಿಯುತ್ತದೆ. ಆರ್ಕಿಟೆಕ್ಚರ್‌ಗೆ ಬೇಕಾದ ಯಂತ್ರವೇ ಬೇರೆ, ಬಿಕಾಂಗೆ ಸಾಲುವ ಯಂತ್ರವೇ ಬೇರೆ. ಈಗ ಒಂದನ್ನು ಕೊಂಡು ಆಗಸ್ಟಿನಲ್ಲಿ ಮತ್ತೊಂದನ್ನು ಕೊಳ್ಳುವ ಬದಲು, ಇದನ್ನೇ ಅಲ್ಲಿಯವರೆಗೆ ದೂಡಲು ಎಷ್ಟು ಕಡಿಮೆ ಖರ್ಚಾಗುತ್ತದೆ ಎಂದು ಲೆಕ್ಕ ಹಾಕಬಹುದಲ್ಲವೇ? ವಿಂಡೋಸ್ 10ಕ್ಕೆ ಭದ್ರತಾ ಅಪ್‌ಡೇಟ್‌ಗಳ ವಿಸ್ತರಣೆ 2026ರ ಅಕ್ಟೋಬರ್ 13ರವರೆಗೆ ಇದೆ. 22ಎಚ್2 ಆವೃತ್ತಿ ಇದ್ದು, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್‌ಗಳ ಬ್ಯಾಕಪ್ ಚಾಲನೆ ಮಾಡಿಕೊಂಡರೆ ಅದನ್ನು ಶುಲ್ಕವಿಲ್ಲದೆ ಪಡೆಯಬಹುದು; ನಮ್ಮ ಮನೆಯ ಯಂತ್ರದಲ್ಲಿ ಹಾಗೆಯೇ ಮಾಡಿದ್ದೇವೆ.

ಉತ್ತರ 1ರವರಿಂದ ಮತ್ತೆ, ದಾವಣಗೆರೆ

ಮಂಗಳೂರಿನ ಅಮ್ಮನವರ ಮಾತು ಸರಿಯಾಗಿದೆ. ಎಂಟೊಂಬತ್ತು ತಿಂಗಳ ಮಟ್ಟಿಗಾದರೆ, ಮುಂದಿನ ಯಂತ್ರದ ಜೊತೆಗೂ ಉಪಯೋಗಕ್ಕೆ ಬರುವ ಭಾಗಕ್ಕೆ ಹಣ ಹಾಕಿ, ಇದರೊಂದಿಗೇ ಸಾಯುವ ಭಾಗಕ್ಕೆ ಆದಷ್ಟು ಕಡಿಮೆ ಹಾಕಿ. 2.5 ಇಂಚಿನ ಸಾಟಾ ಎಸ್‌ಎಸ್‌ಡಿಯನ್ನು ಮುಂದೆ ಯುಎಸ್‌ಬಿ ಕೇಸಿನಲ್ಲಿ ಹಾಕಿ ಬ್ಯಾಕಪ್‌ಗೆ ಬಳಸಬಹುದು, ಮತ್ತು ನಿಮ್ಮ ನಿಧಾನಕ್ಕೆ ಮುಖ್ಯ ಕಾರಣ ಆ ಹಾರ್ಡ್ ಡಿಸ್ಕೇ. ರ್‍ಯಾಮ್ ಬೆಲೆ 2025ರ ಕೊನೆಯಿಂದ ವಿಪರೀತ ಏರಿದೆ, ಡಿಡಿಆರ್4 ಕಡ್ಡಿ ಡಿಡಿಆರ್5 ಯಂತ್ರಕ್ಕೆ ಕೂರುವುದೂ ಇಲ್ಲ. ಹಾಗಾಗಿ ಹೊಸ ರ್‍ಯಾಮ್ ಬೇಡ, ಹಳೆಯ 4 ಜಿಬಿ ಕಡ್ಡಿಯೊಂದು ಅಗ್ಗವಾಗಿ ಸಿಕ್ಕರೆ ಹಾಕಿಸಿ. ವಿಂಡೋಸ್ ಯಂತ್ರದೊಂದಿಗೇ ಬಂದದ್ದಾದರೆ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ, ಎಸ್‌ಎಸ್‌ಡಿಯಲ್ಲಿ ಹೊಸದಾಗಿ ಸ್ಥಾಪಿಸಿದರೂ ತಾನೇ ಸಕ್ರಿಯವಾಗುತ್ತದೆ. ಅದಕ್ಕೆಂದು ಬೇರೆ ಹಣ ಕೇಳಿದರೆ ಕೊಡಬೇಡಿ.

ಅಂಗಡಿಗೆ ಕೊಡುವ ಮೊದಲು ಕಡತಗಳನ್ನೆಲ್ಲ ಬೇರೆಡೆ ನಕಲು ಮಾಡಿಕೊಳ್ಳಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಡಿಸ್ಕಿನ ಆರೋಗ್ಯ ನೋಡಿ. ಹಳದಿ ಬಣ್ಣದಲ್ಲಿ ಎಚ್ಚರಿಕೆ ತೋರಿಸಿದರೆ ಆ ಡಿಸ್ಕನ್ನು ಮತ್ತೆ ನಂಬಬೇಡಿ.

ಪ್ರಶ್ನೆ ಕೇಳಿದವರಿಂದ, ಸಾಗರ

ಎಲ್ಲರಿಗೂ ಕೃತಜ್ಞತೆಗಳು. ಪ್ರೊಜೆಕ್ಟರಿನಲ್ಲಿ ಪರೀಕ್ಷಿಸಿದೆ: ಮುಚ್ಚಳ ಆಡಿಸಿದಾಗ ಪರದೆ ಬಿಳಿಯಾಯಿತು, ಗೋಡೆಯ ಚಿತ್ರ ಕದಲಲಿಲ್ಲ. ಬ್ಯಾಟರಿ ಉಬ್ಬಿಲ್ಲ. ಡಿಸ್ಕಿನಲ್ಲಿ ಹಳದಿ ಎಚ್ಚರಿಕೆ ಬಂದದ್ದರಿಂದ ಕಡತಗಳನ್ನು ಅಂದೇ ಪೆನ್‌ಡ್ರೈವ್‌ಗೂ ಗೂಗಲ್ ಡ್ರೈವ್ ಖಾತೆಗೂ ಹಾಕಿಕೊಂಡೆ. ಅಂಗಡಿಯವರು ಬಿಡಿಯಾಗಿ ಬರೆದುಕೊಟ್ಟಾಗ ಹಿಂಜ್, ಎ ಮತ್ತು ಬಿ ಪ್ಯಾನೆಲ್, ಕೇಬಲ್ (ಪರದೆಯ ಸುತ್ತಲಿನ ಚೌಕಟ್ಟನ್ನು ಬಿ ಪ್ಯಾನೆಲ್ ಎನ್ನುತ್ತಾರಂತೆ) ಹಾಗೂ ಕೂಲಿ ಸೇರಿ 3,800, 256 ಜಿಬಿ ಎಸ್‌ಎಸ್‌ಡಿಗೆ 2,600 ಎಂದಾಯಿತು. ಇವೆರಡನ್ನೇ ಮಾಡಿಸುತ್ತಿದ್ದೇನೆ. ಬ್ಯಾಟರಿಯನ್ನು ಬಿಟ್ಟಿದ್ದೇನೆ, ಏಕೆಂದರೆ ಮನೆಯಲ್ಲಿ ಇನ್ವರ್ಟರ್ ಇದೆ, ಶಾಲೆಯಲ್ಲಿ ಪ್ರೊಜೆಕ್ಟರಿನ ಪಕ್ಕದಲ್ಲೇ ಪ್ಲಗ್ ಇದೆ. ಮಗಳ ಸೀಟು ನಿಗದಿಯಾದ ಮೇಲೆ ರಿಫರ್ಬಿಷ್ಡ್ ಯಂತ್ರದ ಬಗ್ಗೆ ಬೆಂಗಳೂರಿನವರನ್ನು ಇಲ್ಲಿಯೇ ಮತ್ತೆ ಕೇಳುತ್ತೇನೆ.