ಪಂದ್ಯ ಮುಗಿದ ಮೇಲೆ ಜನರನ್ನು ಗ್ರೌಂಡಿಗೆ ಬಿಡಬೇಕಾ?

ಪುಟ್ಟಾ, ದೊಡ್ಡಪ್ಪ, ಇಬ್ಬರಿಗೂ ಸೇರಿಸಿ ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳಿ.

ಪುಟ್ಟ 1983ರ ಕ್ರಿಕೆಟ್ ವಿಶ್ವಕಪ್‌ನ ಲಾರ್ಡ್ಸ್ ಫೈನಲ್ ವಿಡಿಯೋ ಹಾಕಿ, "ಆಗ ಜನ ಗ್ರೌಂಡಿಗೆ ನುಗ್ಗಿ ಎಷ್ಟು ಖುಷಿಪಟ್ಟರು, ಈಗ ಯಾಕೆ ಬಿಡುವುದಿಲ್ಲ?" ಅಂತ ಕೇಳಿದ್ದಾನೆ. ದೊಡ್ಡಪ್ಪ, ನೀವು "ಒಳಗೆ ಕಾಲಿಟ್ಟವನಿಗೆ ನಾಲ್ಕು ಬಾರಿಸಿ ಆಚೆ ಹಾಕಬೇಕು" ಅಂದಿದ್ದೀರಿ. ನನಗೆ ಎರಡೂ ಒಪ್ಪಿಗೆ ಇಲ್ಲ.

ಪುಟ್ಟಾ, ಆ ವಿಡಿಯೋವನ್ನು ಇನ್ನೊಂದು ಸಲ ನೋಡು. ಈ ಸಲ ಜನರನ್ನಲ್ಲ, ಆಟಗಾರರನ್ನು ನೋಡು. ವೆಸ್ಟ್ ಇಂಡೀಸಿನ ಕೊನೆಯ ಆಟಗಾರ ಹೋಲ್ಡಿಂಗ್ ಎಲ್‌ಬಿಡಬ್ಲ್ಯೂ ಆಗುತ್ತಿದ್ದ ಹಾಗೇ ಮೊಹಿಂದರ್ ಅಮರನಾಥ್ ಸ್ಟಂಪ್ ಕಿತ್ತುಕೊಂಡು ಪೆವಿಲಿಯನ್ ಕಡೆ ಓಡುತ್ತಾರೆ. ಉಳಿದವರೂ ಅಷ್ಟೇ, ಓಟ. ನಮ್ಮ ಬಿನ್ನಿ, ನಮ್ಮ ಕಿರ್ಮಾನಿ ಇದ್ದ ತಂಡ ಅದು. ವಿಶ್ವಕಪ್ ಗೆದ್ದವರಿಗೆ ಅಲ್ಲೇ ನಿಂತು ಒಬ್ಬರನ್ನೊಬ್ಬರು ತಬ್ಬಿಕೊಳ್ಳುವುದಕ್ಕೂ ಪುರುಸೊತ್ತು ಸಿಗಲಿಲ್ಲ. ಈಗ 2011ರ ವಾಂಖೆಡೆ ನೆನಪು ಮಾಡಿಕೊ. ಯುವರಾಜ್ ಅತ್ತಿದ್ದು, ಸಚಿನ್‌ರನ್ನು ಹೆಗಲ ಮೇಲೆ ಕೂರಿಸಿಕೊಂಡು ಸುತ್ತು ಹಾಕಿದ್ದು, ಎಲ್ಲ ನಮಗೆ ಕಣ್ತುಂಬ ಸಿಕ್ಕಿತು. ಯಾಕೆ ಅಂದರೆ ಗ್ರೌಂಡು ಅವರದಾಗಿಯೇ ಇತ್ತು. ಜನ ನುಗ್ಗಿದ್ದರೆ ಇದರಲ್ಲಿ ಒಂದೂ ನಡೆಯುತ್ತಿರಲಿಲ್ಲ.

ಎಲ್ಲ ಸಲವೂ ಖುಷಿಯಿಂದಲೇ ಮುಗಿದಿದ್ದರೆ ನಾನೂ ಸುಮ್ಮನಿರುತ್ತಿದ್ದೆ. 1999ರಲ್ಲಿ ಗಯಾನಾದಲ್ಲಿ ವೆಸ್ಟ್ ಇಂಡೀಸ್ ಮತ್ತು ಆಸ್ಟ್ರೇಲಿಯಾ ಪಂದ್ಯ. ಕೊನೆಯ ಚೆಂಡಿಗೆ ಸ್ಟೀವ್ ವಾ ರನ್ ಓಡುತ್ತಿರುವಾಗಲೇ ಜನ ಒಳಗೆ ಬಂದು ಸ್ಟಂಪ್ ಕಿತ್ತುಕೊಂಡು ಹೋದರು. ರನೌಟ್ ಮಾಡಲು ಸ್ಟಂಪೇ ಇಲ್ಲ! ಕೊನೆಗೆ ಟೈ ಅಂತ ಘೋಷಿಸಿದರು. 2001ರಲ್ಲಿ ಇಂಗ್ಲೆಂಡಿನ ಹೆಡಿಂಗ್ಲಿಯಲ್ಲಿ ಪಾಕಿಸ್ತಾನಕ್ಕೆ ಗೆಲ್ಲಲು ಇನ್ನು ನಾಲ್ಕೇ ರನ್ ಬೇಕಿತ್ತು. ಜನ ನುಗ್ಗಿದರು. ಅವರನ್ನು ತಡೆಯಲು ಹೋದ ಒಬ್ಬ ಸ್ಟೀವರ್ಡ್ ತುಳಿತಕ್ಕೆ ಸಿಕ್ಕಿ ಆಸ್ಪತ್ರೆ ಸೇರಿದರು. ಇಂಗ್ಲೆಂಡ್ ಪಂದ್ಯವನ್ನೇ ಬಿಟ್ಟುಕೊಟ್ಟಿತು. ಗಡಿ ಹಗ್ಗದ ಹತ್ತಿರ ನಿಲ್ಲುವ ಆ ಕೆಲಸದವರ ಬಗ್ಗೆ ಯಾರೂ ಮಾತಾಡುವುದಿಲ್ಲ. ನನಗೆ ಅವರದೇ ಜಾಸ್ತಿ ಸಂಕಟ. ಇಡೀ ದಿನ ಆಟಕ್ಕೆ ಬೆನ್ನು ಹಾಕಿ ನಿಂತಿರುತ್ತಾರೆ, ಕೊನೆಗೆ ಮೊದಲು ಪೆಟ್ಟು ಬೀಳುವುದೂ ಅವರಿಗೇ.

ಫುಟ್‌ಬಾಲ್‌ನಲ್ಲಂತೂ ಇಂಗ್ಲೆಂಡಿನಲ್ಲಿ 1991ರಿಂದಲೇ ಕಾರಣವಿಲ್ಲದೆ ಮೈದಾನಕ್ಕೆ ಇಳಿಯುವುದು ಅಪರಾಧ. ಆದರೂ 2022ರ ಮೇ ತಿಂಗಳಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ಏನಾಯಿತು? ಫಾರೆಸ್ಟ್ ತಂಡ ಗೆದ್ದ ಖುಷಿಗೆ ಜನ ನುಗ್ಗಿದರು. ಎದುರಾಳಿ ತಂಡದ ಬಿಲ್ಲಿ ಶಾರ್ಪ್ ಗಾಯದಿಂದಾಗಿ ಆವತ್ತು ಆಡಿಯೂ ಇರಲಿಲ್ಲ, ಅಂಚಿನಲ್ಲಿ ಸುಮ್ನೆ ನಿಂತಿದ್ದರು. ಒಬ್ಬ ಓಡಿಬಂದು ಅವರಿಗೆ ತಲೆಯಿಂದ ಗುದ್ದಿದ. ಹೊಲಿಗೆ ಹಾಕಿಸಿಕೊಳ್ಳಬೇಕಾಯಿತು. ಗುದ್ದಿದವನಿಗೆ 24 ವಾರ ಜೈಲು. ಬಂದವರಲ್ಲಿ ಹೆಚ್ಚಿನವರು ಕುಣಿಯಲೇ ಬಂದವರು, ನಿಜ. ಆದರೆ ಆ ಗುಂಪಿನಲ್ಲಿ ಕುಣಿಯುವವನು ಯಾರು, ಗುದ್ದುವವನು ಯಾರು ಅಂತ ಆಟಗಾರನಿಗೆ ಹೇಗೆ ಗೊತ್ತಾಗಬೇಕು?

ಈಗ ದೊಡ್ಡಪ್ಪ, ನಿಮ್ಮ ಮಾತಿಗೆ ಬರುತ್ತೇನೆ. 1975ರಲ್ಲಿ ವಾಂಖೆಡೆಯ ಮೊದಲ ಟೆಸ್ಟ್. ವೆಸ್ಟ್ ಇಂಡೀಸಿನ ಕ್ಲೈವ್ ಲಾಯ್ಡ್ ದ್ವಿಶತಕ ಹೊಡೆದಾಗ ಅಭಿಮಾನಿಯೊಬ್ಬ ಅಭಿನಂದಿಸಲು ಒಳಗೆ ಓಡಿದ. ಪೊಲೀಸರು ಅವನನ್ನು ಎಲ್ಲರ ಕಣ್ಣೆದುರೇ ಹೊಡೆದರು. ಅಷ್ಟೇ ಸಾಕಾಯಿತು, ಸ್ಟ್ಯಾಂಡಿನಲ್ಲಿ ದೊಂಬಿ ಎದ್ದಿತು. ಒಬ್ಬನನ್ನು ಕೈ ಹಿಡಿದು ಆಚೆ ಕಳಿಸಿದ್ದರೆ ಮುಗಿಯುತ್ತಿತ್ತು.

ಇಂಡೋನೇಷ್ಯಾದ ಮಲಾಂಗ್‌ನಲ್ಲಿ 2022ರ ಅಕ್ಟೋಬರ್ 1ರಂದು ಆದದ್ದು ಇದಕ್ಕಿಂತ ಘೋರ. ಫುಟ್‌ಬಾಲ್ ಪಂದ್ಯದಲ್ಲಿ ಅಲ್ಲಿನ ಅರೆಮಾ ತಂಡ ಸೋತಿತು, ಜನ ಮೈದಾನಕ್ಕೆ ಇಳಿದರು. ಪೊಲೀಸರು ಅಶ್ರುವಾಯು ಹಾರಿಸಿದರು, ಅದೂ ಜನ ಕೂತಿದ್ದ ಸ್ಟ್ಯಾಂಡಿಗೇ. ಕ್ರೀಡಾಂಗಣದೊಳಗೆ ಅದನ್ನು ಬಳಸಬಾರದು ಅಂತ ಫಿಫಾ ನಿಯಮವೇ ಇದೆ. ಕಣ್ಣು ಉರಿದು, ಉಸಿರು ಕಟ್ಟಿ ಎಲ್ಲರೂ ಬಾಗಿಲಿಗೆ ಓಡಿದರು. ಬಾಗಿಲು ಕಿರಿದು, ಕೆಲವು ಪೂರ್ತಿ ತೆರೆದೇ ಇರಲಿಲ್ಲ. 135 ಜನ ಸತ್ತರು. ಮಕ್ಕಳೂ ಇದ್ದರು. ಅವರಲ್ಲಿ ಎಷ್ಟೋ ಮಂದಿ ತಮ್ಮ ಜಾಗ ಬಿಟ್ಟು ಅಲ್ಲಾಡಿರಲೂ ಇಲ್ಲ. 1989ರಲ್ಲಿ ಇಂಗ್ಲೆಂಡಿನ ಹಿಲ್ಸ್‌ಬರೊ ಫುಟ್‌ಬಾಲ್ ಕ್ರೀಡಾಂಗಣದಲ್ಲೂ ಅಷ್ಟೇ. ಜನ ಒಳಗೆ ಇಳಿಯಬಾರದು ಅಂತ ಕಬ್ಬಿಣದ ಬೇಲಿ ಹಾಕಿದ್ದರು. ಒತ್ತಡ ಜಾಸ್ತಿಯಾದಾಗ ಮುಂದಿದ್ದವರಿಗೆ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಆ ದುರಂತಕ್ಕೆ ಬಲಿಯಾದವರು 97.

ನಮ್ಮ ಚಿನ್ನಸ್ವಾಮಿಯ ವಿಷಯ ಹೇಳಲು ಗಂಟಲು ಕಟ್ಟುತ್ತದೆ. 2025ರ ಜೂನ್ 4. ಆರ್‌ಸಿಬಿ ಹದಿನೆಂಟನೇ ಪ್ರಯತ್ನದಲ್ಲಿ ಕಪ್ ಗೆದ್ದ ಮರುದಿನ. ಸುಮಾರು 35 ಸಾವಿರ ಜನ ಹಿಡಿಯುವ ಜಾಗಕ್ಕೆ ಲಕ್ಷಗಟ್ಟಲೆ ಜನ ಬಂದರು. ಗೇಟಿನ ಹೊರಗೇ 11 ಜೀವ ಹೋಯಿತು. ಅವರ್ಯಾರೂ ಯಾರ ಮೇಲೂ ಕೈ ಮಾಡಲು ಬಂದವರಲ್ಲ. ಹಾಗಾಗಿ "ನಾಲ್ಕು ಬಾರಿಸಿ" ಅನ್ನುವ ಮಾತು ಕೇಳಿದರೆ ನನಗೆ ಆಗುವುದಿಲ್ಲ ದೊಡ್ಡಪ್ಪ.

ಹಾಗಾದರೆ ಏನು ಮಾಡಬೇಕು ಅಂತೀರಾ? ಫೈನಲ್ ದಿನ, ಕಡು ಎದುರಾಳಿಗಳ ಪಂದ್ಯದ ದಿನ, ಬೇಡವೇ ಬೇಡ. ಆದರೆ ಆ ಹುಲ್ಲಿನ ಮೇಲೆ ಒಮ್ಮೆ ಕಾಲಿಡಬೇಕು ಅನ್ನುವ ಆಸೆ ಇದೆಯಲ್ಲ, ಅದು ತಪ್ಪಲ್ಲ. ಅದನ್ನು ಸಾಮಾನ್ಯ ದಿನಗಳಲ್ಲಿ ತೀರಿಸಬಹುದು. ಆಸ್ಟ್ರೇಲಿಯಾದ ಫುಟ್‌ಬಾಲ್ ಲೀಗಿನಲ್ಲಿ ಕೆಲವು ಪಂದ್ಯಗಳ ನಂತರ ಅಪ್ಪ, ಅಮ್ಮ, ಮಕ್ಕಳನ್ನು ಒಳಗೆ ಬಿಟ್ಟು ಚೆಂಡು ಒದೆಯಲು ಅವಕಾಶ ಕೊಡುತ್ತಾರೆ. ಇಂಗ್ಲೆಂಡಿನ ಕೌಂಟಿ ಪಂದ್ಯಗಳಲ್ಲಿ ಊಟದ ವಿರಾಮದಲ್ಲಿ ಮಕ್ಕಳು ಔಟ್‌ಫೀಲ್ಡಿನಲ್ಲೇ ಆಡುತ್ತಾರೆ. ಪಿಚ್ ಸುತ್ತ ಹಗ್ಗ ಕಟ್ಟಿದರೆ ಸಾಕು.

ನಮ್ಮ ರಣಜಿ ಪಂದ್ಯಗಳಿಗೆ ಬರುವವರೇ ಕಡಿಮೆ. ಅಲ್ಲಿಂದ ಶುರು ಮಾಡಲಿ. ಆಟಗಾರರು, ಅಂಪೈರ್‌ಗಳು ಒಳಗೆ ಹೋದ ಮೇಲೆ ಮೈಕಿನಲ್ಲಿ ಹೇಳಿ, ಒಂದೊಂದೇ ಸ್ಟ್ಯಾಂಡಿನಿಂದ, ಮಕ್ಕಳಿರುವವರನ್ನು ಮೊದಲು, ಅರ್ಧ ಗಂಟೆ ಬಿಡಲಿ. ಹೊರಗೆ ಹೋಗುವ ಗೇಟುಗಳು ಮಾತ್ರ ಎಲ್ಲವೂ ತೆರೆದಿರಬೇಕು, ಅದರಲ್ಲಿ ರಾಜಿ ಇಲ್ಲ. ಪುಟ್ಟಾ, ಇದನ್ನೇ ನಮ್ಮ ರಾಜ್ಯ ಕ್ರಿಕೆಟ್ ಸಂಸ್ಥೆ ಕೆಎಸ್‌ಸಿಎಗೆ ಒಂದು ಪತ್ರ ಬರಿ. ನಾನು ಸಹಿ ಹಾಕುತ್ತೇನೆ. ದೊಡ್ಡಪ್ಪ, ನೀವೂ ಹಾಕಬೇಕು.