ಹೆರಿಗೆ ರಜೆಯ ಸಂಬಳ ಮತ್ತು ತೆರಿಗೆ: ಸಿಎ ಮೇಡಂ ಜೊತೆ ಪ್ರಶ್ನೋತ್ತರ

ನಿರ್ವಾಹಕಿ: ಅಕ್ಕ ತಂಗಿಯರೇ, ಟಿಳಕವಾಡಿಯ ಸಿಎ ಮೇಡಂ ಇವತ್ತು ರಾತ್ರಿ ಗುಂಪಿನಲ್ಲಿರುತ್ತಾರೆ. ಹೆರಿಗೆ ರಜೆ, ತೆರಿಗೆ, ಇಷ್ಟೇ ಕೇಳಿ.

ನರ್ಸ್, ಗೋಕಾಕ: ಖಾಸಗಿ ಆಸ್ಪತ್ರೆ, 26 ವಾರದ ರಜೆ. ಸಂಬಳ ಬರ್ತಿದೆ. ಅದಕ್ಕೂ ತೆರಿಗೆ ಇದೆಯಾ ಮೇಡಂ?

ಸಿಎ ಮೇಡಂ: ಇದೆ. ರಜೆಯಲ್ಲಿ ಕೊಟ್ಟರೂ ಅದು ಸಂಬಳವೇ. ಗಾಬರಿ ಬೇಡ. 2025-26ಕ್ಕೆ ಹೊಸ ತೆರಿಗೆ ಪದ್ಧತಿಯಲ್ಲಿ ವರ್ಷದ ಸಂಬಳ 12.75 ಲಕ್ಷದೊಳಗಿದ್ದು, ಬೇರೆ ಆದಾಯ ಇಲ್ಲದಿದ್ದರೆ ಏನೂ ಕಟ್ಟಬೇಕಿಲ್ಲ.

ಬ್ಯಾಂಕ್ ಉದ್ಯೋಗಿ, ವಿಜಯಪುರ: ಮುಂದಿನ ಮೂರು ತಿಂಗಳು ಸಂಬಳವಿಲ್ಲದ ರಜೆ. ಟಿಡಿಎಸ್ (ಸಂಬಳದಲ್ಲೇ ಹಿಡಿಯುವ ತೆರಿಗೆ) ಮಾತ್ರ ಇಡೀ ವರ್ಷದ ಲೆಕ್ಕದಲ್ಲೇ ಹಿಡಿದಿದ್ದಾರೆ.

ಸಿಎ ಮೇಡಂ: ರಜೆ ಮಂಜೂರಾದ ಪತ್ರ ಕೊಟ್ಟು ಮರುಲೆಕ್ಕ ಹಾಕಿಸಿ. ಜಾಸ್ತಿ ಹಿಡಿದದ್ದು ರಿಟರ್ನ್ ಹಾಕಿದಾಗ ವಾಪಸ್ ಬರುತ್ತದೆ.

ಟೀಚರ್, ಮುಧೋಳ: ಹೋದ ವರ್ಷ ಹೆರಿಗೆ ರಜೆಯಲ್ಲಿದ್ದೆ. 2024-25ರ ರಿಟರ್ನ್ ಒಬ್ಬ ಏಜೆಂಟ್ ಹಾಕಿದ. 15,600 ಜಾಸ್ತಿ ರಿಫಂಡ್ ಬಂತು, ಅದರಲ್ಲಿ ಅವನ ಕಮಿಷನ್ ಬೇರೆ. ಈಗ ನೋಡಿದರೆ 80ಯು ಅಂತ 75,000 ಇದೆ. ಗರ್ಭಿಣಿಯರಿಗೆ ಕೊಡ್ತಾರೆ ಅಂದಿದ್ದ.

ಸಿಎ ಮೇಡಂ: ಅದು ಅಂಗವಿಕಲರಿಗೆ ಇರುವ ವಿನಾಯಿತಿ ರೀ! ಕನಿಷ್ಠ 40% ಅಂಗವೈಕಲ್ಯ ಇರಬೇಕು, ಸರ್ಟಿಫಿಕೇಟ್ ಬೇಕು. ಬಸಿರಿಗೂ ಅದಕ್ಕೂ ಏನು ಸಂಬಂಧ? ಹಾಕಿದವನು ಯಾರೇ ಇರಲಿ, ರಿಟರ್ನ್ ನಿಮ್ಮದು. ನೋಟಿಸ್ ಬಂದರೆ ನಿಮ್ಮ ಹೆಸರಿಗೇ. ಸುಳ್ಳು ಮಾಹಿತಿ ಅಂತ ತೀರ್ಮಾನವಾದರೆ ದಂಡ ತೆರಿಗೆಯ ಎರಡು ಪಟ್ಟು, ಅಂದರೆ 31,200. 2025ರ ಡಿಸೆಂಬರ್ 31ರೊಳಗೆ ತಿದ್ದಿದ ರಿಟರ್ನ್ ಹಾಕಿ, 15,600 ಬಡ್ಡಿ ಸಮೇತ ಕಟ್ಟಿಬಿಡಿ. ತಡವಾದರೆ ಅಪ್‌ಡೇಟೆಡ್ ರಿಟರ್ನ್ ಒಂದೇ ದಾರಿ, ಅದಕ್ಕೆ ತೆರಿಗೆ-ಬಡ್ಡಿಯ ಮೇಲೆ ಇನ್ನೂ ಕನಿಷ್ಠ 25% ಬೀಳುತ್ತದೆ. ಪಕ್ಷಕ್ಕೆ ದೇಣಿಗೆ, ಮನೆ ಬಾಡಿಗೆ ಅಂತ ಬೇರೇನಾದರೂ ತುರುಕಿದ್ದಾನಾ ನೋಡಿ. ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಮೊಬೈಲ್, ಇಮೇಲ್ ಯಾರದು ಅಂತಲೂ ನೋಡಿ.

ಗೃಹಿಣಿ, ಹುಕ್ಕೇರಿ: ಫಾರ್ವರ್ಡ್ ಮಾಡಿದ ಸಂದೇಶ: ಹೆಣ್ಣುಮಕ್ಕಳಿಗೆ ತೆರಿಗೆ ಮಿತಿ ಜಾಸ್ತಿ, ಹೆರಿಗೆ ವರ್ಷ ಪೂರ್ತಿ ಮಾಫಿ! ಹತ್ತು ಜನರಿಗೆ ಕಳಿಸಿ.

ಸಿಎ ಮೇಡಂ: ಒಬ್ಬರಿಗೂ ಕಳಿಸಬೇಡಿ. ಹೆಣ್ಣುಮಕ್ಕಳ ಪ್ರತ್ಯೇಕ ಮಿತಿ 2012ರಲ್ಲೇ ಹೋಯಿತು. ಹೆರಿಗೆಗೆ ಮಾಫಿ ಯಾವತ್ತೂ ಇರಲಿಲ್ಲ. ಇಂಥದ್ದನ್ನು ನಂಬಿಯೇ ಮುಧೋಳದ ಟೀಚರ್ ಸಿಕ್ಕಿಬಿದ್ದಿದ್ದು.

ಸದಸ್ಯೆ, ರಬಕವಿ: ನಿಮಗೆ ತೆರಿಗೆಯ ಚಿಂತೆ. ಮಗ್ಗಕ್ಕೆ ಹೋಗುವ ನಮ್ಮ ವೈನಿಗೆ ರಜೆಯೂ ಇಲ್ಲ, ಕೂಲಿಯೂ ಇಲ್ಲ.

ಸರ್ಕಾರಿ ನೌಕರೆ, ಬಾಗಲಕೋಟೆ: ಅದಕ್ಕೆ ನಾವೇನು ಮಾಡೋಣ?

ನರ್ಸ್, ಗೋಕಾಕ: ನಿಮಗೇನ್ರೀ, 180 ದಿನ ಆರಾಮ. ನಮಗೆ ಎರಡು ತಿಂಗಳಾಗುವುದರೊಳಗೆ ಯಾವಾಗ ಬರ್ತೀರಿ ಅಂತ ಫೋನ್.

ಸರ್ಕಾರಿ ನೌಕರೆ, ಬಾಗಲಕೋಟೆ: 26 ವಾರ ಅಂದ್ರೆ 182 ದಿನ. ನಿಮಗೇ ಎರಡು ದಿನ ಜಾಸ್ತಿ.

ಸದಸ್ಯೆ, ರಬಕವಿ: ಶಹಬ್ಬಾಸ್! ಎರಡು ದಿನಕ್ಕೂ ಲೆಕ್ಕ ಇಟ್ಟಿದ್ದೀರಿ.

ನಿರ್ವಾಹಕಿ: ಸಾಕು, ಜಗಳ ಬೇಡ.

ಸದಸ್ಯೆ, ಅಥಣಿ: ಕುಬುಸದಲ್ಲಿ (ಸೀಮಂತ) ಅಣ್ಣ 1 ಲಕ್ಷ ಕೊಟ್ಟ. ತೆರಿಗೆ?

ಸಿಎ ಮೇಡಂ: ಒಡಹುಟ್ಟಿದವರು ಕೊಟ್ಟದ್ದಕ್ಕೆ ಇಲ್ಲ.

ಸದಸ್ಯೆ, ಇಂಡಿ: ಮೂರನೇ ಮಗುವಿಗೆ 12 ವಾರ ಮಾತ್ರ ಅಂತಾರೆ, ಹೌದಾ?

ಸದಸ್ಯೆ, ಬೈಲಹೊಂಗಲ: ಮೇಡಂ, ಹೆರಿಗೆ ರಜೆ ಸಂಬಳಕ್ಕೆ ತೆರಿಗೆ ಇದೆಯಾ?

ಸಿಎ ಮೇಡಂ: ಮೇಲೆ ಓದಿ.

ಸದಸ್ಯೆ, ಬೈಲಹೊಂಗಲ: ಮಗು ಎತ್ತಿಕೊಂಡು ಎಲ್ಲಿ ಓದೋದು? ಒಂದು ಮಾತು ಹೇಳಿದ್ರೆ ಏನಾಗ್ತಿತ್ತು?

ಟೀಚರ್, ಮುಧೋಳ: ಲಾಗಿನ್ ಆದೆ. ಮೊಬೈಲ್, ಇಮೇಲ್ ಎರಡೂ ಅವನದೇ. ನೋಟಿಸ್ ಬರುವ ಇ-ಪ್ರೊಸೀಡಿಂಗ್ಸ್‌ನಲ್ಲಿ ಏನೋ ಒಂದು ಬಂದಿದೆ.

ಸಿಎ ಮೇಡಂ: ಅದಕ್ಕೆ ಈಗ ಉತ್ತರ ಕೊಡಬೇಡಿ. ಆಧಾರ್ ಒಟಿಪಿಯಿಂದ ಪಾಸ್‌ವರ್ಡ್ ಬದಲಿಸಿ. ಫಾರ್ಮ್ 16 (ಸಂಬಳ, ಟಿಡಿಎಸ್ ಲೆಕ್ಕದ ಸರ್ಟಿಫಿಕೇಟ್) ತೊಗೊಂಡು ನಾಳೆ ಬನ್ನಿ.